ಯಂತ್ರದ ಮಾತು ಮತ್ತು ವಾಕ್‌ಸ್ವಾತಂತ್ರ್ಯ

ಪ್ರವೇಶ

ವಾಕ್‌ಸ್ವಾತಂತ್ರ್ಯವನ್ನು ಕುರಿತ ಚಿಂತನೆಗಳೆಲ್ಲದರ ತಳದಲ್ಲಿ ಒಂದು ಗೃಹೀತವಿದೆ. ಮಾತಿನ ಹಿಂದೆ ಅದನ್ನು ಆಡುವವನೊಬ್ಬನಿದ್ದಾನೆ ಎಂಬುದೇ ಆ ಗೃಹೀತ. ಕವಿ, ಪತ್ರಿಕಾ ಸಂಪಾದಕ, ವೇದಿಕೆಯ ಭಾಷಣಕಾರ, ಬೀದಿಯಲ್ಲಿ ಕರಪತ್ರ ಹಂಚುವ ಕಾರ್ಯಕರ್ತ - ಇವರಲ್ಲಿ ಯಾರನ್ನು ತೆಗೆದುಕೊಂಡರೂ ಹೇಳಬೇಕೆಂಬ ಇಚ್ಛೆ, ಅಂದರೆ ನಮ್ಮ ಶಾಸ್ತ್ರಕಾರರು ವಿವಕ್ಷೆ ಎಂದು ಕರೆದದ್ದು, ಮೊದಲು ಹುಟ್ಟುತ್ತದೆ. ಮಾತು ಅದನ್ನು ಹಿಂಬಾಲಿಸುತ್ತದೆ. ಗಣಕಯಂತ್ರವು ಈ ಕ್ರಮವನ್ನು ಕದಡಿದೆ. ಶೋಧಯಂತ್ರವು ಕ್ಷಣಾರ್ಧದಲ್ಲಿ ಜೋಡಿಸಿಕೊಡುವ ಪಟ್ಟಿಯನ್ನಾಗಲಿ, ಸಂಭಾಷಣಾ ತಂತ್ರಾಂಶವು ಹೆಣೆದುಕೊಡುವ ಉತ್ತರವನ್ನಾಗಲಿ, ಅದು ಓದುಗನ ಕಣ್ಣಿಗೆ ಬೀಳುವ ಮುನ್ನ ಯಾವ ಮನುಷ್ಯನೂ ನೋಡಿರುವುದಿಲ್ಲ. ಹೀಗೆ ಹುಟ್ಟಿದ ಪದಗಳಿಗೆ ಮನುಷ್ಯನ ಮಾತಿಗಿರುವ ಸಂವಿಧಾನದ ರಕ್ಷಣೆ ಸಲ್ಲಬೇಕೆ ಎಂಬುದು ಕಳೆದ ಎರಡು ದಶಕಗಳಿಂದ ನ್ಯಾಯಾಲಯಗಳನ್ನು ಕಾಡುತ್ತಿರುವ ಪ್ರಶ್ನೆ.

ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ. ಮೊದಲನೆಯದು 2003ರಲ್ಲಿ ಅಮೆರಿಕದ ಓಕ್ಲಹೋಮಾದ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ತೀರ್ಮಾನವಾದುದು. ತನ್ನ ಜಾಲತಾಣಕ್ಕೆ ನೀಡಿದ್ದ ದರ್ಜೆಯನ್ನು ಗೂಗಲ್ ಸಂಸ್ಥೆ ಇಳಿಸಿ ವ್ಯಾಪಾರಕ್ಕೆ ಹಾನಿ ಮಾಡಿತೆಂದು ಸರ್ಚ್ ಕಿಂಗ್ ಎಂಬ ಕಂಪನಿ ದಾವೆ ಹೂಡಿತ್ತು. ಆ ದರ್ಜೆಯು ತನ್ನ ಅಭಿಪ್ರಾಯವಾಗಿದ್ದು ಅಭಿಪ್ರಾಯಕ್ಕೆ ಸಂವಿಧಾನದ ರಕ್ಷಣೆಯುಂಟೆಂದು ಗೂಗಲ್ ವಾದಿಸಿತು. ನ್ಯಾಯಾಲಯವು ಅದನ್ನು ಒಪ್ಪಿತು. ಎರಡನೆಯದು ಕನ್ನಡ ನಾಡಿಗೇ ಸಂಬಂಧಿಸಿದ್ದು. 2021ರ ಜೂನ್ ತಿಂಗಳ ಆರಂಭದಲ್ಲಿ, ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಅದೇ ಶೋಧಯಂತ್ರವು ಕನ್ನಡದ ಹೆಸರನ್ನು ಉತ್ತರವೆಂಬಂತೆ ತೋರಿಸಿತು. ನಾಡಿನಾದ್ಯಂತ ಪ್ರತಿಭಟನೆ ವ್ಯಕ್ತವಾಯಿತು. ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಸಚಿವರು ಕಾನೂನು ಕ್ರಮದ ಎಚ್ಚರಿಕೆ ನೀಡಿದರು. ಸಂಸ್ಥೆಯು ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಯಾಚಿಸಿತು. ಜೊತೆಗೆ, ಇಂತಹ ಫಲಿತಗಳು ತನ್ನ ಅಭಿಪ್ರಾಯವನ್ನು ಪ್ರತಿಬಿಂಬಿಸುವುದಿಲ್ಲವೆಂದೂ ತಿಳಿಸಿತು.

ಒಂದೆಡೆ ಯಂತ್ರದ ಫಲಿತವು ಸಂಸ್ಥೆಯ ಅಭಿಪ್ರಾಯ. ಇನ್ನೊಂದೆಡೆ ಅದು ಯಾರ ಅಭಿಪ್ರಾಯವೂ ಅಲ್ಲ. ಈ ಎರಡು ಮಾತುಗಳು ಬೇರೆ ಬೇರೆ ಬಗೆಯ ಫಲಿತಗಳನ್ನು ಕುರಿತವು ಎಂಬುದು ನಿಜ. ಆದರೂ ಇವುಗಳ ನಡುವಿನ ಅಂತರದಲ್ಲಿಯೇ ಪ್ರಸ್ತುತ ವಿಷಯದ ತಿರುಳಿದೆ. ಯಂತ್ರಕ್ಕೆ ಹಕ್ಕುಂಟೆ ಎಂಬ ಪ್ರಶ್ನೆಯು ನಮ್ಮನ್ನು ದಾರಿ ತಪ್ಪಿಸುತ್ತದೆ. ಆ ಫಲಿತದಲ್ಲಿ ಯಾವ ಮನುಷ್ಯರ ಹಕ್ಕು ಅಡಗಿದೆ, ಯಾರು ಅದರ ಹೊಣೆ ಹೊರುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಬೇಕು ಎಂಬುದು ಈ ಲೇಖನದ ಪ್ರತಿಪಾದನೆ.

ಅಮೆರಿಕದ ಸಂವಿಧಾನದ ಹಿನ್ನೆಲೆ

ಈ ವಿವಾದವು ಮೊದಲು ಅಮೆರಿಕದಲ್ಲಿ ಬೆಳೆದುದಕ್ಕೆ ಎರಡು ಕಾರಣಗಳಿವೆ. ಪ್ರಮುಖ ಶೋಧಯಂತ್ರ ಸಂಸ್ಥೆಗಳು ಅಲ್ಲಿ ಹುಟ್ಟಿದವು ಎಂಬುದು ಒಂದು. ಅಲ್ಲಿನ ಸಂವಿಧಾನದ ವಾಕ್ಯರಚನೆ ಇನ್ನೊಂದು. 1791ರಲ್ಲಿ ಅಂಗೀಕೃತವಾದ ಪ್ರಥಮ ತಿದ್ದುಪಡಿಯು ಯಾರಿಗೂ ಹಕ್ಕನ್ನು ನೀಡುವ ಧಾಟಿಯಲ್ಲಿಲ್ಲ. ವಾಕ್‌ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಶಾಸನವನ್ನು ಮಾಡಬಾರದೆಂದು ಅದು ಶಾಸಕಾಂಗಕ್ಕೆ ವಿಧಿಸಿದ ನಿರ್ಬಂಧದ ರೂಪದಲ್ಲಿದೆ. ಮಾತನಾಡುವವನು ಯಾರು ಎಂಬುದನ್ನು ಅದು ಹೇಳುವುದಿಲ್ಲ. ಆದ್ದರಿಂದ ಮಾತಿನ ಮೌಲ್ಯವು ಅದರ ಮೂಲವನ್ನು ಅವಲಂಬಿಸಿಲ್ಲವೆಂಬ ತರ್ಕಕ್ಕೆ ಅಲ್ಲಿ ಅವಕಾಶ ದೊರೆಯಿತು. 1978ರ ಬೆಲಾಟಿ ಪ್ರಕರಣದಲ್ಲಿಯೂ 2010ರ ಸಿಟಿಜನ್ಸ್ ಯುನೈಟೆಡ್ ಪ್ರಕರಣದಲ್ಲಿಯೂ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಇದೇ ಹಾದಿಯಲ್ಲಿ ಸಾಗಿ ವಾಣಿಜ್ಯ ನಿಗಮಗಳ ರಾಜಕೀಯ ಅಭಿವ್ಯಕ್ತಿಗೆ ರಕ್ಷಣೆ ನೀಡಿತು.

ಗಣಕದ ಕ್ರಮವಿಧಿಯೂ ಮಾತೇ ಎಂಬ ವಾದವು 1990ರ ದಶಕದಲ್ಲಿ ರೂಪುಗೊಂಡಿತು. ಆಗ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಗಣಿತಜ್ಞ ಡೇನಿಯಲ್ ಬರ್ನ್‌ಸ್ಟೈನ್, ತಾನು ರಚಿಸಿದ ಗೂಢಲಿಪಿಯ ಕ್ರಮವಿಧಿಯನ್ನು ಪ್ರಕಟಿಸಲು ಸರಕಾರದ ಪರವಾನಗಿ ಬೇಕೆಂಬ ನಿಯಮವನ್ನು 1995ರಲ್ಲಿ ಪ್ರಶ್ನಿಸಿದರು. ಅನಂತರ 2000ದಲ್ಲಿ ಆರನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಜಂಗರ್ ಪ್ರಕರಣದಲ್ಲಿ, ಕ್ರಮವಿಧಿಯ ಮೂಲರೂಪವು ಗಣಕತಜ್ಞರು ವಿಚಾರ ವಿನಿಮಯ ಮಾಡಿಕೊಳ್ಳುವ ಮಾಧ್ಯಮವಾದ್ದರಿಂದ ಅದಕ್ಕೆ ರಕ್ಷಣೆಯುಂಟೆಂದು ಹೇಳಿತು. ಮರುವರ್ಷ, ಅಂದರೆ 2001ರಲ್ಲಿ, ಚಲನಚಿತ್ರದ ಡಿವಿಡಿಗಳ ರಹಸ್ಯಬೀಗವನ್ನು ಒಡೆಯುವ ಕ್ರಮವಿಧಿಯನ್ನು ಕುರಿತ ಕಾರ್ಲಿ ಪ್ರಕರಣದಲ್ಲಿ ಎರಡನೆಯ ವಲಯದ ನ್ಯಾಯಾಲಯವು ಒಂದು ಮಹತ್ವದ ವಿವೇಚನೆಯನ್ನು ಮಾಡಿತು. ಕ್ರಮವಿಧಿಗೆ ಎರಡು ಮುಖಗಳುಂಟು: ಅದು ಓದುವವನಿಗೆ ಏನನ್ನೋ ತಿಳಿಸುತ್ತದೆ, ಹಾಗೆಯೇ ಯಂತ್ರದಲ್ಲಿ ಏನನ್ನೋ ಮಾಡಿಸುತ್ತದೆ. ತಿಳಿಸುವ ಮುಖಕ್ಕೆ ಪೂರ್ಣ ರಕ್ಷಣೆಯಿದ್ದರೂ ಮಾಡಿಸುವ ಮುಖವನ್ನು ಕಾನೂನು ನಿಯಂತ್ರಿಸಬಹುದು. ಮುಂದೆ ಬಂದ ಎಲ್ಲ ಚರ್ಚೆಗಳಿಗೂ ಈ ವಿವೇಚನೆಯು ಬೀಜರೂಪದಲ್ಲಿದೆ.

ಆದರೆ ಕ್ರಮವಿಧಿಯೇ ಬೇರೆ, ಅದು ಹೊರಹಾಕುವ ಫಲಿತವೇ ಬೇರೆ. ಕ್ರಮವಿಧಿಯನ್ನು ಮನುಷ್ಯನು ಬರೆದಿರುತ್ತಾನೆ. ಫಲಿತವು ಅವನಿಂದ ಒಂದು ಹೆಜ್ಜೆ ದೂರದಲ್ಲಿರುತ್ತದೆ. ನಿಜವಾದ ತೊಡಕು ಹುಟ್ಟುವುದು ಈ ಒಂದು ಹೆಜ್ಜೆಯ ದೂರದಲ್ಲಿ.

ಶೋಧಯಂತ್ರದ ಫಲಿತ: ಅಭಿಪ್ರಾಯವೋ ಗಣನೆಯೋ

ಸರ್ಚ್ ಕಿಂಗ್ ಪ್ರಕರಣದ ಕೇಂದ್ರದಲ್ಲಿದ್ದುದು ಪೇಜ್‌ರ‍್ಯಾಂಕ್ ಎಂಬ ದರ್ಜೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸರ್ಗೈ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರ ತಮ್ಮ ಪ್ರಬಂಧದಲ್ಲಿ ಇದರ ತತ್ತ್ವವನ್ನು ವಿವರಿಸಿದ್ದರು. ಒಂದು ಜಾಲಪುಟವು ಇನ್ನೊಂದಕ್ಕೆ ಕೊಂಡಿ ಹಾಕಿದರೆ ಅದು ಒಂದು ಮತವಿದ್ದಂತೆ; ತಾನೇ ಹೆಚ್ಚು ಮತ ಪಡೆದ ಪುಟವು ಹಾಕಿದ ಮತಕ್ಕೆ ತೂಕ ಹೆಚ್ಚು. ಈ ಲೆಕ್ಕವನ್ನು ಮತ್ತೆ ಮತ್ತೆ ಆವರ್ತಿಸಿ ಪ್ರತಿಯೊಂದು ಪುಟಕ್ಕೂ ಒಂದು ಬೆಲೆ ಕಟ್ಟಲಾಗುತ್ತದೆ. ಬಳಕೆದಾರರಿಗೆ ಅದು ಸೊನ್ನೆಯಿಂದ ಹತ್ತರವರೆಗಿನ ಅಂಕವಾಗಿ ಕಾಣಿಸುತ್ತಿತ್ತು. 2002ರಲ್ಲಿ ಸರ್ಚ್ ಕಿಂಗ್‌ನ ಅಂಕವು ಎಂಟರಿಂದ ನಾಲ್ಕಕ್ಕೆ ಇಳಿದುದೇ ದಾವೆಗೆ ಕಾರಣ.

ನ್ಯಾಯಾಲಯವು ಇಲ್ಲಿ ಆಧಾರವಾಗಿ ಹಿಡಿದುದು ಹತ್ತನೆಯ ವಲಯದ ನ್ಯಾಯಾಲಯವು 1999ರಲ್ಲಿ ನೀಡಿದ್ದ ಒಂದು ತೀರ್ಪನ್ನು. ಶಾಲಾ ಜಿಲ್ಲೆಯೊಂದರ ಸಾಲಪತ್ರಗಳ ಬಗ್ಗೆ ಮೂಡೀಸ್ ಸಂಸ್ಥೆ ಪ್ರಕಟಿಸಿದ ಪ್ರತಿಕೂಲ ಮೌಲ್ಯಮಾಪನವನ್ನು ಅಭಿಪ್ರಾಯವೆಂದು ಆ ತೀರ್ಪು ಪರಿಗಣಿಸಿತ್ತು. ಪುಟವೊಂದರ ಮಹತ್ತ್ವವನ್ನು ಸತ್ಯ ಅಥವಾ ಸುಳ್ಳು ಎಂದು ಸಾಧಿಸಿ ತೋರಿಸಲಾಗದ ಕಾರಣ ಪೇಜ್‌ರ‍್ಯಾಂಕ್ ಕೂಡ ಅದೇ ಜಾತಿಯದು ಎಂದು ಓಕ್ಲಹೋಮಾದ ನ್ಯಾಯಾಲಯವು ನಿರ್ಣಯಿಸಿತು. ಈ ತರ್ಕದಲ್ಲಿ ಬಲವಿದೆ. ಕೊಂಡಿಯನ್ನು ಮತವೆಂದು ಭಾವಿಸಬೇಕೆಂಬುದು ಪ್ರಕೃತಿಯ ನಿಯಮವಲ್ಲ. ಅದು ಮನುಷ್ಯರು ಕೈಗೊಂಡ ಒಂದು ನಿರ್ಧಾರ. ಬೇರೆಯವರು ಬೇರೆ ಅಳತೆಗೋಲನ್ನು ಆರಿಸಬಹುದಿತ್ತು.

2014ರಲ್ಲಿ ನ್ಯೂಯಾರ್ಕಿನ ಫೆಡರಲ್ ಜಿಲ್ಲಾ ನ್ಯಾಯಾಲಯವು ತೀರ್ಮಾನಿಸಿದ ಬೈಡು ಪ್ರಕರಣವು ಈ ತರ್ಕವನ್ನು ಅದರ ತುದಿಗೆ ಕೊಂಡೊಯ್ದಿತು. ಚೀನದಲ್ಲಿ ಪ್ರಜಾಪ್ರಭುತ್ವ ಬೇಕೆಂದು ಬರೆಯುತ್ತಿದ್ದ ನ್ಯೂಯಾರ್ಕ್ ನಿವಾಸಿಗಳು, ತಮ್ಮ ಬರಹಗಳನ್ನು ಚೀನೀ ಸಂಸ್ಥೆಯಾದ ಬೈಡು ತನ್ನ ಶೋಧಫಲಿತಗಳಿಂದ ಹೊರಗಿಟ್ಟಿದೆಯೆಂದು ದೂರಿದ್ದರು. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯು ಪತ್ರಿಕೆಯ ಸಂಪಾದಕನ ಆಯ್ಕೆಗೆ ಸಮಾನವೆಂದು ಹೇಳಿ ನ್ಯಾಯಾಲಯವು ದಾವೆಯನ್ನು ವಜಾ ಮಾಡಿತು. ಪ್ರಕಟಿಸಲೇಬೇಕೆಂದು ಪತ್ರಿಕೆಯನ್ನು ಬಲವಂತಪಡಿಸಲಾಗದೆಂಬ 1974ರ ಟಾರ್ನಿಲೊ ತೀರ್ಪು ಇದಕ್ಕೆ ಆಧಾರವಾಯಿತು. ಪ್ರಜಾಪ್ರಭುತ್ವದ ಪರವಾದ ಮಾತನ್ನು ಮರೆಮಾಡುವ ಕ್ರಿಯೆಗೆ ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿಯೇ ರಕ್ಷಣೆ ದೊರೆತ ಈ ವಿಪರ್ಯಾಸವು ವಿದ್ವಾಂಸರ ಗಮನವನ್ನು ಸೆಳೆದುದು ಸಹಜ.

ಎರಡು ವಾದಗಳು

2012ರಲ್ಲಿ ಈ ವಿಷಯದ ಎರಡು ಪಕ್ಷಗಳೂ ಸ್ಪಷ್ಟ ರೂಪ ಪಡೆದವು. ಗೂಗಲ್ ಸಂಸ್ಥೆಯ ಕೋರಿಕೆಯ ಮೇರೆಗೆ ಯೂಜೀನ್ ವೊಲೊಕ್ ಮತ್ತು ಡೊನಾಲ್ಡ್ ಫಾಕ್ ಎಂಬ ನ್ಯಾಯವಿದರು ಸಿದ್ಧಪಡಿಸಿದ ಪ್ರಬಂಧವು ರಕ್ಷಣೆಯ ಪರವಾಗಿತ್ತು. ಕ್ರಮವಿಧಿಯನ್ನು ಬರೆಯುವ ತಂತ್ರಜ್ಞರು ತಮ್ಮ ತೀರ್ಮಾನಗಳನ್ನೇ ಅದರಲ್ಲಿ ಅಡಕಗೊಳಿಸುತ್ತಾರೆ. ಆ ತೀರ್ಮಾನಗಳು ಯಂತ್ರದ ಮೂಲಕ ಹೊರಬಂದ ಮಾತ್ರಕ್ಕೆ ಮನುಷ್ಯರವಾಗದೆ ಹೋಗುವುದಿಲ್ಲ ಎಂಬುದು ಅವರ ವಾದದ ಸಾರ.

ಇದಕ್ಕೆ ಪ್ರತಿಯಾಗಿ ಕೊಲಂಬಿಯಾ ವಿಶ್ವವಿದ್ಯಾಲಯದ ಟಿಮ್ ವು ಅದೇ ವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿಯೂ ಮರುವರ್ಷ ವಿದ್ವತ್ ಪತ್ರಿಕೆಯೊಂದರಲ್ಲಿಯೂ ಬರೆದರು. ಮಾತನ್ನು ಒಳಗೊಂಡ ಎಲ್ಲ ಉಪಕರಣಗಳೂ ಮಾತಾಡುವುದಿಲ್ಲ. ಬಳಕೆದಾರನ ಕೆಲಸವನ್ನು ನಿರ್ವಹಿಸಿಕೊಡುವ ಸಾಧನವನ್ನು ಸಾಧನವೆಂದೇ ನೋಡಬೇಕು. ಇಲ್ಲವಾದರೆ ಗ್ರಾಹಕ ರಕ್ಷಣೆ, ಸ್ಪರ್ಧಾ ನಿಯಮ, ಖಾಸಗಿತನದ ಕಾನೂನು ಇವೆಲ್ಲವೂ ವಾಕ್‌ಸ್ವಾತಂತ್ರ್ಯದ ಗುರಾಣಿಗೆ ತಾಗಿ ಮುರಿಯುತ್ತವೆ ಎಂಬುದು ಅವರ ಆತಂಕ.

ಎರಡೂ ವಾದಗಳಲ್ಲಿ ಸತ್ಯಾಂಶವಿದೆ. ಇವುಗಳ ನಡುವೆ ಗೆರೆ ಎಳೆಯಲು ಗಣಕಪೂರ್ವ ಕಾಲದ ಎರಡು ಬಗೆಯ ಪ್ರಕಟಣೆಗಳ ಹೋಲಿಕೆ ನೆರವಾಗುತ್ತದೆ. ವಿಮಾನಚಾಲಕರು ಇಳಿಯುವಾಗ ಅನುಸರಿಸುವ ನಕ್ಷೆಯೊಂದರ ದೋಷವು ಅಪಘಾತಕ್ಕೆ ಕಾರಣವಾಯಿತೆಂಬ ಮೊಕದ್ದಮೆಯಲ್ಲಿ, ಒಂಬತ್ತನೆಯ ವಲಯದ ನ್ಯಾಯಾಲಯವು 1981ರಲ್ಲಿ ಆ ನಕ್ಷೆಯನ್ನು ದೋಷಯುಕ್ತ ಸರಕಿನಂತೆ ಕಂಡು ಪ್ರಕಾಶಕರನ್ನು ಹೊಣೆಗಾರರನ್ನಾಗಿಸಿತು. ಅದೇ ನ್ಯಾಯಾಲಯವು 1991ರಲ್ಲಿ ಅಣಬೆಗಳನ್ನು ಕುರಿತ ಒಂದು ವಿಶ್ವಕೋಶದ ಪ್ರಕರಣವನ್ನು ವಿಚಾರಿಸಿತು. ಪುಸ್ತಕವನ್ನು ನಂಬಿ ವಿಷದ ಅಣಬೆ ತಿಂದ ಇಬ್ಬರಿಗೆ ಯಕೃತ್ತಿನ ಕಸಿ ಮಾಡಬೇಕಾಗಿ ಬಂದಿತ್ತು. ಆದರೂ ಪ್ರಕಾಶಕರು ಹೊಣೆಗಾರರಲ್ಲವೆಂದು ತೀರ್ಪಾಯಿತು. ಪುಸ್ತಕವು ವಿಚಾರಗಳ ಸಂಚಯ. ವಿಮಾನದ ನಕ್ಷೆಯಾದರೋ ದಿಕ್ಸೂಚಿಯಂತೆ ಕೈಯಲ್ಲಿ ಹಿಡಿದು ಬಳಸುವ ಉಪಕರಣ ಎಂದು ನ್ಯಾಯಾಲಯವು ಭೇದ ಮಾಡಿತು. ಎರಡೂ ಮುದ್ರಿತ ಕಾಗದಗಳೇ. ಓದುಗನು ಒಂದನ್ನು ತನ್ನ ವಿವೇಚನೆಯಿಂದ ಓದುತ್ತಾನೆ, ಇನ್ನೊಂದಕ್ಕೆ ತನ್ನ ವಿವೇಚನೆಯನ್ನೇ ಒಪ್ಪಿಸುತ್ತಾನೆ. ಗಣಕದ ಫಲಿತಗಳಿಗೂ ಈ ಭೇದ ಅನ್ವಯಿಸುತ್ತದೆ. ವಾಹನಕ್ಕೆ ದಾರಿ ತೋರಿಸುವ ತಂತ್ರಾಂಶ, ಔಷಧದ ಪ್ರಮಾಣವನ್ನು ಲೆಕ್ಕ ಹಾಕುವ ತಂತ್ರಾಂಶ ಇವು ನಕ್ಷೆಯ ಪಕ್ಕದಲ್ಲಿ ನಿಲ್ಲುತ್ತವೆ. ಇತಿಹಾಸದ ಪ್ರಶ್ನೆಗೆ ಹಲವು ಪುಟಗಳನ್ನು ಮುಂದಿಡುವ ಶೋಧಯಂತ್ರವು ಪುಸ್ತಕದ ಪಕ್ಕದಲ್ಲಿ ನಿಲ್ಲುತ್ತದೆ.

ಕೇಳುಗನ ಹಕ್ಕು

ಶೋಧಯಂತ್ರದ ವಿಷಯದಲ್ಲಿ ತಂತ್ರಜ್ಞರ ತೀರ್ಮಾನವನ್ನು ಹೇಗೋ ಗುರುತಿಸಬಹುದು. ಈಚಿನ ಸಂಭಾಷಣಾ ಯಂತ್ರಗಳಲ್ಲಿ ಅದೂ ಕಷ್ಟ. ಇವು ಅಪಾರ ಬರಹರಾಶಿಯಿಂದ ಪದಗಳ ಸಾಹಚರ್ಯವನ್ನು ಕಲಿತು, ಮುಂದೆ ಬರಬಹುದಾದ ಪದದ ಸಂಭಾವ್ಯತೆಯನ್ನು ಲೆಕ್ಕ ಹಾಕುತ್ತ ವಾಕ್ಯವನ್ನು ಬೆಳೆಸುತ್ತವೆ. ನಿರ್ದಿಷ್ಟ ಉತ್ತರವೊಂದರ ಬಗ್ಗೆ ಅದನ್ನು ನಿರ್ಮಿಸಿದವರಿಗೆ ಯಾವ ಮುನ್ನರಿವೂ ಇರುವುದಿಲ್ಲ. ಮರದ ಹುಳು ಕೊರೆದ ಗೆರೆಗಳು ಅಕಸ್ಮಾತ್ತಾಗಿ ಅಕ್ಷರದಂತೆ ಕಾಣುವುದನ್ನು ನಮ್ಮಲ್ಲಿ ಘುಣಾಕ್ಷರ ನ್ಯಾಯ ಎನ್ನುತ್ತಾರೆ. ಯಂತ್ರದ ಮಾತು ಅಷ್ಟು ಆಕಸ್ಮಿಕವಲ್ಲ. ಅದಕ್ಕೆ ಹೆಚ್ಚು ಹತ್ತಿರವಾದುದು ನೈಯಾಯಿಕರು ಚರ್ಚಿಸಿದ ಶುಕವಾಕ್ಯ. ಆಪ್ತನ ಉಪದೇಶವನ್ನೇ ಶಬ್ದಪ್ರಮಾಣವೆಂದು ಕರೆದ ನ್ಯಾಯದರ್ಶನಕ್ಕೆ, ತಾತ್ಪರ್ಯವೇ ಇಲ್ಲದ ಗಿಳಿಯ ಮಾತಿನಿಂದ ಕೇಳುಗನಿಗೆ ಅರ್ಥಬೋಧೆ ಹೇಗಾಗುತ್ತದೆ ಎಂಬುದು ಬಿಡಿಸಬೇಕಾದ ತೊಡಕಾಗಿತ್ತು. ಗಿಳಿಗೆ ಹೇಳಬೇಕೆಂಬುದು ಏನೂ ಇಲ್ಲ; ಆದರೆ ಕೇಳಿದವನಿಗೆ ಅರ್ಥವಾಗುವುದು ಸುಳ್ಳಲ್ಲ. ಆಡುವವನಿಂದ ಕಣ್ಣು ಸರಿಸಿ ಕೇಳುವವನನ್ನು ನೋಡಬೇಕೆಂಬ ಸೂಚನೆ ಇದರಲ್ಲಿದೆ.

ಅಮೆರಿಕದ ನ್ಯಾಯಶಾಸ್ತ್ರದಲ್ಲಿ ಈ ದೃಷ್ಟಿಗೆ ದೃಢವಾದ ಆಧಾರವೊಂದಿದೆ. ವಿದೇಶದಿಂದ ಬರುವ ಕಮ್ಯುನಿಸ್ಟ್ ಪ್ರಚಾರ ಸಾಹಿತ್ಯವನ್ನು ಅಂಚೆ ಇಲಾಖೆ ತಡೆಹಿಡಿದು, ವಿಳಾಸದಾರನು ಲಿಖಿತವಾಗಿ ಕೋರಿದರೆ ಮಾತ್ರ ತಲುಪಿಸಬೇಕೆಂಬ ಶಾಸನವಿತ್ತು. 1965ರ ಲಾಮಾಂಟ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಅಸಿಂಧುಗೊಳಿಸಿತು. ಹೊರದೇಶದ ಪ್ರಕಾಶಕನಿಗೆ ಅಮೆರಿಕದ ಸಂವಿಧಾನದ ಹಕ್ಕು ಇದೆಯೆ ಎಂಬುದನ್ನು ನ್ಯಾಯಾಲಯವು ನಿರ್ಣಯಿಸಬೇಕಾಗಲಿಲ್ಲ. ವಿಳಾಸದಾರನ ಹಕ್ಕಿಗೆ ಚ್ಯುತಿ ಬಂದಿತೆಂಬುದೇ ಸಾಕಾಯಿತು. ಅಂದರೆ, ಹಕ್ಕಿಲ್ಲದ ಮೂಲದಿಂದ ಬಂದ ಮಾತಿಗೂ ಓದುಗನ ಹಕ್ಕಿನ ದ್ವಾರದಿಂದ ರಕ್ಷಣೆ ದೊರೆಯಬಲ್ಲದು.

2025ರ ಮೇ ತಿಂಗಳಲ್ಲಿ ಫ್ಲಾರಿಡಾದ ಫೆಡರಲ್ ಜಿಲ್ಲಾ ನ್ಯಾಯಾಲಯವು ನೀಡಿದ ಆದೇಶವನ್ನು ಈ ಬೆಳಕಿನಲ್ಲಿ ಓದಬೇಕು. ಸಂಭಾಷಣಾ ಯಂತ್ರದೊಡನೆ ತಿಂಗಳುಗಟ್ಟಲೆ ಮಾತಿನಲ್ಲಿ ತೊಡಗಿದ್ದ ಹದಿನಾಲ್ಕು ವರ್ಷದ ಬಾಲಕನೊಬ್ಬ 2024ರಲ್ಲಿ ಪ್ರಾಣ ಕಳೆದುಕೊಂಡಿದ್ದ. ತಯಾರಕರ ವಿರುದ್ಧ ಅವನ ತಾಯಿ ಹೂಡಿದ ದಾವೆಯನ್ನು ವಾಕ್‌ಸ್ವಾತಂತ್ರ್ಯದ ಆಧಾರದಿಂದ ಆರಂಭದಲ್ಲಿಯೇ ವಜಾ ಮಾಡಬೇಕೆಂದು ಸಂಸ್ಥೆ ಕೋರಿತ್ತು. ಯಂತ್ರದ ಫಲಿತವನ್ನು ಸಂವಿಧಾನದ ಅರ್ಥದಲ್ಲಿ ಮಾತೆಂದು ಆ ಹಂತದಲ್ಲಿ ಘೋಷಿಸಲು ನ್ಯಾಯಾಧೀಶರು ಒಪ್ಪಲಿಲ್ಲ. ಆದರೆ ಬಳಕೆದಾರರಿಗಿರುವ ಮಾಹಿತಿಯನ್ನು ಪಡೆಯುವ ಹಕ್ಕನ್ನು ಅವರ ಪರವಾಗಿ ಸಂಸ್ಥೆ ಮುಂದಿಡಬಹುದೆಂದು ಹೇಳಿದರು. ಯಂತ್ರದ ಹಕ್ಕನ್ನು ಬದಿಗಿರಿಸಿ ಕೇಳುಗನ ಹಕ್ಕನ್ನು ಮುಂದಕ್ಕೆ ತಂದ ಈ ನಿಲುವು ಸರಿಯಾದ ದಿಕ್ಕಿನದು. ಅದೇ ಪ್ರಕರಣವು ಆ ಹಕ್ಕಿನ ಮೇರೆಯನ್ನೂ ತೋರಿಸುತ್ತದೆ: ಕೇಳುಗನ ಹೆಸರಿನಲ್ಲಿ ಪಡೆದ ರಕ್ಷಣೆಯನ್ನು ಕೇಳುಗನಿಗೇ ಆದ ಹಾನಿಯ ವಿರುದ್ಧ ಗುರಾಣಿಯಾಗಿ ಹಿಡಿಯುವುದು ನ್ಯಾಯಸಮ್ಮತವೆನಿಸದು.

ಹಕ್ಕು ಮತ್ತು ಹೊಣೆ

ಅಮೆರಿಕದಲ್ಲಿ ಈ ತೊಡಕನ್ನು ಹೆಚ್ಚಿಸಿದುದು 1996ರ ಸಂವಹನ ಸಭ್ಯತಾ ಕಾಯಿದೆಯ 230ನೆಯ ಪ್ರಕರಣ. ಅನ್ಯರು ಒದಗಿಸಿದ ವಿಷಯಕ್ಕೆ ಅಂತರಜಾಲ ಸೇವಾ ಸಂಸ್ಥೆಯನ್ನು ಪ್ರಕಾಶಕನಂತೆ ಹೊಣೆ ಮಾಡಬಾರದೆಂದು ಅದು ಹೇಳುತ್ತದೆ. ಹೀಗಾಗಿ ಸಂಸ್ಥೆಗಳಿಗೆ ಎರಡು ಆಶ್ರಯಗಳು ದೊರೆತವು. ಸರಕಾರವು ನಿಯಂತ್ರಿಸಹೊರಟಾಗ ಈ ಫಲಿತ ನಮ್ಮ ಮಾತು ಎನ್ನಬಹುದು. ಹಾನಿಗೊಳಗಾದವನು ಪರಿಹಾರ ಕೇಳಿದಾಗ ಇದು ಬೇರೆಯವರ ಮಾತು ಎನ್ನಬಹುದು.

2024ರಲ್ಲಿ ಈ ದ್ವಂದ್ವವು ಬಹಿರಂಗಕ್ಕೆ ಬಂದಿತು. ಆ ವರ್ಷದ ಜುಲೈ 1ರಂದು ನೆಟ್‌ಚಾಯ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಫ್ಲಾರಿಡಾ ಮತ್ತು ಟೆಕ್ಸಾಸ್ ರಾಜ್ಯಗಳ ಶಾಸನಗಳನ್ನು ಕುರಿತು ವಿಚಾರ ಮಾಡುತ್ತ, ತನ್ನದೇ ಮಾನದಂಡಗಳಿಗೆ ಅನುಸಾರವಾಗಿ ಬರಹಗಳನ್ನು ಆಯ್ದು ಜೋಡಿಸುವುದು ಜಾಲತಾಣದ ಅಭಿವ್ಯಕ್ತಿಯೇ ಎಂದಿತು. ಬಳಕೆದಾರನ ನಡವಳಿಕೆಗೆ ಮಾತ್ರ ಸ್ಪಂದಿಸುವ ಗಣನಕ್ರಮಗಳ ವಿಷಯವನ್ನು ಬಹುಮತದ ತೀರ್ಪು ಬದಿಗಿಟ್ಟಿತು. ನ್ಯಾಯಮೂರ್ತಿ ಏಮಿ ಬ್ಯಾರೆಟ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ, ಯಾವುದು ತೆಗೆದುಹಾಕಲು ಯೋಗ್ಯವೆಂಬ ನಿರ್ಣಯವನ್ನೇ ಕೃತಕ ಬುದ್ಧಿಮತ್ತೆಗೆ ಒಪ್ಪಿಸಿದಾಗ ಅಲ್ಲಿ ಮನುಷ್ಯನ ಅಭಿವ್ಯಕ್ತಿ ಉಳಿದಿರುತ್ತದೆಯೆ ಎಂಬ ಪ್ರಶ್ನೆಯನ್ನು ಎತ್ತಿದರು.

ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಮೂರನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಟಿಕ್‌ಟಾಕ್ ಸಂಸ್ಥೆಯ ವಿರುದ್ಧದ ಒಂದು ಪ್ರಕರಣವನ್ನು ನಿರ್ಣಯಿಸಿತು. ಉಸಿರು ಬಿಗಿಹಿಡಿಯುವ ಅಪಾಯಕಾರಿ ಆಟದ ದೃಶ್ಯವನ್ನು ಆ ಸಂಸ್ಥೆಯ ಗಣನಕ್ರಮವು ಹತ್ತು ವರ್ಷದ ಬಾಲಕಿಯೊಬ್ಬಳ ಮುಂದಿಟ್ಟಿತ್ತು. ಅದನ್ನು ಅನುಕರಿಸಿದ ಬಾಲಕಿ ಸಾವಿಗೀಡಾದಳು. ಶಿಫಾರಸು ಮಾಡುವ ಕ್ರಿಯೆಯು ಸಂಸ್ಥೆಯದೇ ಅಭಿವ್ಯಕ್ತಿಯಾಗಿದ್ದರೆ ಅದು ಅನ್ಯರ ಮಾತಾಗಿ ಉಳಿಯಲಾರದು. ಆದ್ದರಿಂದ 230ನೆಯ ಪ್ರಕರಣದ ಆಶ್ರಯವೂ ಅದಕ್ಕೆ ದೊರೆಯಲಾರದು ಎಂದು ನ್ಯಾಯಾಲಯವು ಹೇಳಿತು. ಜರ್ಮನಿಯ ಫೆಡರಲ್ ನ್ಯಾಯಾಲಯವು 2013ರಲ್ಲಿಯೇ ಇದಕ್ಕೆ ಸಮೀಪದ ನಿಲುವನ್ನು ತಳೆದಿತ್ತು. ಉದ್ಯಮಿಯೊಬ್ಬನ ಹೆಸರನ್ನು ಟೈಪು ಮಾಡಿದೊಡನೆ ವಂಚನೆ ಎಂಬ ಪದವನ್ನು ಶೋಧಯಂತ್ರವು ತಾನಾಗಿ ಸೂಚಿಸುತ್ತಿದ್ದ ಆ ಪ್ರಕರಣದಲ್ಲಿ, ಸೂಚನೆಯು ಸಂಸ್ಥೆಯದೇ ವಿಷಯವೆಂದೂ, ಎಲ್ಲವನ್ನೂ ಮೊದಲೇ ಪರೀಕ್ಷಿಸುವ ಹೊಣೆ ಇಲ್ಲದಿದ್ದರೂ ದೂರು ಬಂದ ಮೇಲೆ ತಡೆಯುವ ಹೊಣೆ ಇದೆಯೆಂದೂ ಅದು ತೀರ್ಮಾನಿಸಿತು. ನಮ್ಮದು ಎಂದವನು ಹೊಣೆಯನ್ನೂ ಹೊರಬೇಕೆಂಬ ಸರಳ ತತ್ತ್ವವು ಈ ಎರಡು ತೀರ್ಪುಗಳಲ್ಲಿ ಕಾಣುತ್ತದೆ.

ಭಾರತದ ಸಂದರ್ಭ

ಭಾರತದ ಸಂವಿಧಾನದ ವಾಕ್ಯರಚನೆ ಭಿನ್ನವಾದುದು. 19(1)(ಎ) ಅನುಚ್ಛೇದವು ಹಕ್ಕನ್ನು ಎಲ್ಲ ನಾಗರಿಕರಿಗೆ ನೀಡುತ್ತದೆ. ಹಕ್ಕುದಾರನು ಯಾರೆಂಬುದು ಮೊದಲ ಪದಗಳಲ್ಲಿಯೇ ಸ್ಪಷ್ಟ. ನಿಗಮವು ನಾಗರಿಕನಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1963ರ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಪ್ರಕರಣದಲ್ಲಿ ಹೇಳಿತ್ತು. ಪತ್ರಿಕಾ ಕಾಗದದ ನಿಯಂತ್ರಣವನ್ನು ಕುರಿತ 1972ರ ಬೆನೆಟ್ ಕೋಲ್ಮನ್ ತೀರ್ಪು, ಕಂಪನಿಯ ಹಿಂದಿರುವ ಷೇರುದಾರರ ಮತ್ತು ಸಂಪಾದಕರ ಹಕ್ಕನ್ನು ಮಾನ್ಯ ಮಾಡಿತು. 2025ರ ಸೆಪ್ಟೆಂಬರ್ 24ರಂದು ಕರ್ನಾಟಕ ಉಚ್ಚ ನ್ಯಾಯಾಲಯವು, ಸಹಯೋಗ್ ಜಾಲತಾಣದ ಮೂಲಕ ಸರಕಾರವು ನೀಡುವ ತಡೆ ಸೂಚನೆಗಳನ್ನು ಪ್ರಶ್ನಿಸಿ ಎಕ್ಸ್ ಕಾರ್ಪ್ ಸಂಸ್ಥೆಯು ಸಲ್ಲಿಸಿದ್ದ ಅರ್ಜಿಯನ್ನು ವಜಾ ಮಾಡುತ್ತ, 19ನೆಯ ಅನುಚ್ಛೇದವು ನಾಗರಿಕರಿಗೆ ಮಾತ್ರ ಮೀಸಲೆಂಬುದನ್ನು ಒತ್ತಿ ಹೇಳಿತು. ವಿದೇಶಿ ಸಂಸ್ಥೆಗೇ ಈ ಬಾಗಿಲು ಮುಚ್ಚಿರುವಾಗ ಯಂತ್ರಕ್ಕೆ ಅದು ತೆರೆಯುವ ಸಂಭವವಿಲ್ಲ.

ಆದರೆ ಕೇಳುಗನ ಬಾಗಿಲು ನಮ್ಮಲ್ಲಿಯೂ ತೆರೆದಿದೆ. 1995ರ ಟಾಟಾ ಪ್ರೆಸ್ ಪ್ರಕರಣವು ದೂರವಾಣಿ ಗ್ರಾಹಕರಿಗಾಗಿ ಮುದ್ರಿಸಿದ ಜಾಹೀರಾತುಗಳ ಹಳದಿ ಪುಟಗಳ ಸಂಕಲನವನ್ನು ಕುರಿತದ್ದು. ಒಂದು ಬಗೆಯಲ್ಲಿ ಅದು ಶೋಧಯಂತ್ರದ ಕಾಗದದ ರೂಪ. ವಾಣಿಜ್ಯ ಅಭಿವ್ಯಕ್ತಿಗೂ ರಕ್ಷಣೆಯುಂಟೆಂದು ಹೇಳಿದ ಸರ್ವೋಚ್ಚ ನ್ಯಾಯಾಲಯವು, ಕೇಳುವ, ಓದುವ, ಪಡೆಯುವ ಹಕ್ಕು 19(1)(ಎ) ಅನುಚ್ಛೇದದಲ್ಲಿಯೇ ಅಡಗಿದೆಯೆಂದಿತು. ಬಾನುಲಿ ತರಂಗಗಳನ್ನು ಕುರಿತ ಅದೇ ವರ್ಷದ ಬಂಗಾಳ ಕ್ರಿಕೆಟ್ ಸಂಘದ ತೀರ್ಪೂ ಮಾಹಿತಿಯನ್ನು ಪಡೆಯುವ ಹಕ್ಕನ್ನು ಎತ್ತಿಹಿಡಿಯಿತು. ಭ್ರೂಣಲಿಂಗ ಪತ್ತೆಯ ಜಾಹೀರಾತುಗಳನ್ನು ಶೋಧಯಂತ್ರಗಳು ತಾವಾಗಿಯೇ ತಡೆಹಿಡಿಯಬೇಕೆಂಬ ಸಾಬು ಮ್ಯಾಥ್ಯೂ ಜಾರ್ಜ್ ಪ್ರಕರಣದ 2016-17ರ ಆದೇಶಗಳಲ್ಲಿ ಇದರ ಮೇರೆ ಕಾಣುತ್ತದೆ. 1994ರ ಕಾಯಿದೆಯು ನಿಷೇಧಿಸಿದ ಜಾಹೀರಾತಿಗೆ ತಡೆಯುಂಟು. ಅದರಾಚೆಗಿನ ಮಾಹಿತಿಯನ್ನು ಹುಡುಕಲು ಜನರಿಗೆ ಅವಕಾಶವುಂಟು.

ಹೊಣೆಯ ವಿಷಯದಲ್ಲಿ ನಮ್ಮ ಶಾಸನವು ಒಂದು ಉಪಯುಕ್ತ ಮಾತನ್ನು ಹೇಳಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಪ್ರಕರಣವು ಮಧ್ಯವರ್ತಿಗೆ ವಿನಾಯಿತಿ ನೀಡುವಾಗ, ರವಾನೆಯಾಗುವ ವಿಷಯವನ್ನು ಮಧ್ಯವರ್ತಿಯೇ ಆಯ್ಕೆ ಮಾಡಿರಬಾರದು, ಮಾರ್ಪಡಿಸಿರಬಾರದು ಎಂಬ ಷರತ್ತನ್ನು ಒಳಗೊಂಡಿದೆ. ಅನ್ಯರ ಬರಹವನ್ನು ಕರಗಿಸಿ ತನ್ನ ವಾಕ್ಯದಲ್ಲಿ ಉತ್ತರ ಹೇಳುವ ಯಂತ್ರದ ಒಡೆಯನು ಈ ಷರತ್ತನ್ನು ಪೂರೈಸುವನೆಂದು ವಾದಿಸುವುದು ಕಷ್ಟ.

ಹಾಗೆಂದು ಯಂತ್ರದ ಫಲಿತಗಳಿಗೆ ಯಾವ ರಕ್ಷಣೆಯೂ ಬೇಡವೆನ್ನುವುದು ಅಪಾಯಕರ. 2024ರ ಫೆಬ್ರವರಿಯಲ್ಲಿ ಪ್ರಧಾನಮಂತ್ರಿಯವರನ್ನು ಕುರಿತ ಪ್ರಶ್ನೆಗೆ ಸಂಭಾಷಣಾ ಯಂತ್ರವೊಂದು ನೀಡಿದ ಉತ್ತರವು ವಿವಾದವಾದ ಬಳಿಕ, ಮಾರ್ಚ್ 1ರಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ಒಂದು ಸಲಹಾಪತ್ರವನ್ನು ಹೊರಡಿಸಿತು. ಪೂರ್ಣ ಪರೀಕ್ಷೆಗೊಳಗಾಗದ ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಭಾರತದ ಬಳಕೆದಾರರಿಗೆ ಒದಗಿಸುವ ಮುನ್ನ ಸರಕಾರದ ಅನುಮತಿ ಬೇಕೆಂಬ ಅಂಶ ಅದರಲ್ಲಿತ್ತು. ಮಾರ್ಚ್ 15ರ ಹೊಸ ಸಲಹಾಪತ್ರದಲ್ಲಿ ಆ ಅಂಶವನ್ನು ಕೈಬಿಡಲಾಯಿತು. ಆಳುವವರ ಬಗ್ಗೆ ಪ್ರಜೆ ಕೇಳುವ ಪ್ರಶ್ನೆಗೆ ದೊರೆಯುವ ಉತ್ತರವು ಆಳುವವರ ಅನುಮತಿಯನ್ನು ಅವಲಂಬಿಸಿದರೆ, ಆಗ ನಷ್ಟವಾಗುವುದು ಯಂತ್ರದ ಸ್ವಾತಂತ್ರ್ಯವ‌ಲ್ಲ, ಪ್ರಶ್ನೆ ಕೇಳಿದ ನಾಗರಿಕನದು.

ಸಮಾರೋಪ

ಈವರೆಗಿನ ವಿವೇಚನೆಯಿಂದ ಮೂರು ಪ್ರಶ್ನೆಗಳನ್ನು ಕ್ರೋಡೀಕರಿಸಬಹುದು. ಒಂದು, ಫಲಿತದಲ್ಲಿ ಯಾವ ಮನುಷ್ಯರ ತೀರ್ಮಾನ ಅಡಕವಾಗಿದೆ, ಯಾವ ಮನುಷ್ಯರ ತಿಳಿಯುವ ಹಕ್ಕು ಅದನ್ನು ಅವಲಂಬಿಸಿದೆ? ಎರಡು, ಆ ಫಲಿತವು ಕೇಳುಗನ ವಿವೇಚನೆಗೆ ಏನನ್ನೋ ತಿಳಿಸುತ್ತದೆಯೋ, ಅಥವಾ ಅವನ ವಿವೇಚನೆಯ ಸ್ಥಾನದಲ್ಲಿ ನಿಂತು ಏನನ್ನೋ ಮಾಡಿಸುತ್ತದೆಯೋ? ಮೂರು, ನಿಯಂತ್ರಿಸಹೊರಟ ಕಾನೂನಿನ ಗುರಿ ವಿಚಾರವೋ, ವಿಚಾರದಿಂದ ಬೇರೆಯಾದ ಹಾನಿಯೋ? ಈ ಮೂರನ್ನೂ ಕೇಳಿದ ಮೇಲೆ ರಕ್ಷಣೆ ಸಲ್ಲುವುದೆಂದು ಕಂಡುಬಂದರೆ, ಆ ರಕ್ಷಣೆಯನ್ನು ಕೋರಿದ ಸಂಸ್ಥೆಯು ಫಲಿತವನ್ನು ತನ್ನದೆಂದು ಒಪ್ಪಿಕೊಂಡಂತೆಯೇ ಸರಿ.

2021ರ ಕನ್ನಡದ ಪ್ರಸಂಗವನ್ನು ಈ ಮಾನದಂಡದಿಂದ ಅಳೆದರೆ ದೊರೆಯುವ ಉತ್ತರವು ನಮ್ಮ ಭಾವನೆಗೆ ಪೂರ್ತಿಯಾಗಿ ಹಿತವಾಗಲಾರದು. ಆ ಫಲಿತವು ಅಸಂಬದ್ಧವಾದ ಒಂದು ಮಾತನ್ನು ತಿಳಿಸಿತೇ ಹೊರತು ಯಾರಿಂದಲೂ ಏನನ್ನೂ ಮಾಡಿಸಲಿಲ್ಲ. ಒಂದು ಭಾಷೆಯನ್ನು ಹೀಯಾಳಿಸಿದ ಮಾತನ್ನು ಅಷ್ಟೇ ಕಾರಣದಿಂದ ನಿಷೇಧಿಸಲು 19(2)ನೆಯ ಅನುಚ್ಛೇದದ ಪಟ್ಟಿಯಲ್ಲಿ ಆಧಾರವಿಲ್ಲ. ಅಂತಹ ನಿಷೇಧದ ಅಧಿಕಾರವನ್ನು ಪ್ರಭುತ್ವಕ್ಕೆ ಕೊಟ್ಟರೆ ಅದು ನಾಳೆ ಕನ್ನಡ ಲೇಖಕನ ಮೇಲೆಯೇ ತಿರುಗೀತು. ಆದರೆ ಯಾವುದೋ ಪುಟದ ವಾಕ್ಯವನ್ನು ಎತ್ತಿ ಉತ್ತರದ ಸ್ಥಾನದಲ್ಲಿ ಕೂರಿಸಿದುದು ಆ ಸಂಸ್ಥೆಯು ನಿರ್ಮಿಸಿದ ವ್ಯವಸ್ಥೆ. ಅದು ನಮ್ಮ ಅಭಿಪ್ರಾಯವಲ್ಲ ಎಂಬಲ್ಲಿಗೆ ಅದರ ಹೊಣೆ ಮುಗಿಯುವುದಿಲ್ಲ. ಉತ್ತರವು ಹೇಗೆ ಹುಟ್ಟಿತೆಂದು ತಿಳಿಸುವುದು, ತಪ್ಪನ್ನು ಎತ್ತಿ ತೋರಿಸಲು ದಾರಿ ಇಡುವುದು, ತಿದ್ದಿದ್ದನ್ನು ಬಹಿರಂಗವಾಗಿ ಹೇಳುವುದು ಇವು ಅದರ ಕರ್ತವ್ಯಗಳು. ಪತ್ರಿಕಾ ಸಂಪಾದಕನ ಸ್ವಾತಂತ್ರ್ಯವನ್ನು ಬಯಸುವ ಸಂಸ್ಥೆಯಿಂದ ಪತ್ರಿಕೆಯು ಬಹುಕಾಲದಿಂದ ಪಾಲಿಸಿಕೊಂಡು ಬಂದ ತಪ್ಪೊಪ್ಪಿಗೆಯ ಶಿಸ್ತನ್ನು ನಿರೀಕ್ಷಿಸುವುದು ಅತಿಯಾಗದು.

ಕನ್ನಡದಲ್ಲಿ ಪ್ರಶ್ನೆ ಕೇಳಿ ಕನ್ನಡದಲ್ಲಿಯೇ ಉತ್ತರ ಪಡೆಯುವವರ ಸಂಖ್ಯೆ ಹೆಚ್ಚುತ್ತಿರುವ ಈ ಕಾಲದಲ್ಲಿ, ಅಂತರಜಾಲದಲ್ಲಿ ಕನ್ನಡದ ಬರಹರಾಶಿ ಕಡಿಮೆ ಇರುವುದರಿಂದ ಯಂತ್ರವು ತಪ್ಪುವ ಸಂಭವವೂ ನಮ್ಮ ಭಾಷೆಯಲ್ಲಿ ಹೆಚ್ಚು. ಈ ವಿಷಯವು ಅಮೆರಿಕದ ನ್ಯಾಯಾಲಯಗಳ ವ್ಯವಹಾರವಾಗಿ ಮಾತ್ರ ಉಳಿಯಲಾರದು. ನಮ್ಮ ನ್ಯಾಯಾಂಗವೂ ಶಾಸಕಾಂಗವೂ ಇದನ್ನು ಎದುರಿಸುವಾಗ ಯಂತ್ರವು ಮಾತಾಡುತ್ತದೆಯೆ ಎಂಬ ಕುತೂಹಲಕ್ಕಿಂತ, ಅದನ್ನು ಕೇಳಿ ನಂಬುವ ನಾಗರಿಕನ ಹಿತ ಮತ್ತು ಹಕ್ಕುಗಳಿಗೆ ಮೊದಲ ಸ್ಥಾನ ದೊರೆಯಬೇಕು.